ಹವಾಲ್ದಾರರನ್ನು ಗಂಗವ್ವನ ಊರಿಗೆ ಮುಟ್ಟಿಸಿದ್ದು

ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲೇ ಧಾರವಾಡದ ಸಪ್ತಾಪುರದಿಂದ ಹೊರಟೆವು. ಹೊರಟೆವು ಎಂದರೆ ನಾನು, ನನ್ನ ಹಳೆಯ ಕಾರು ಮತ್ತು ಕುಲಕರ್ಣಿ ಸರ್. ಇನ್ನೊಬ್ಬರಾದ ನಿವೃತ್ತ ಸೈನಿಕ ಹವಾಲ್ದಾರ ಈರಪ್ಪನವರನ್ನು ದಾರಿಯಲ್ಲಿ ಸತ್ತೂರಿನ ಅವರ ಮನೆಯಿಂದ ಹತ್ತಿಸಿಕೊಳ್ಳಬೇಕಿತ್ತು. ಅವರನ್ನು ಮನೆಯಿಂದ ಹೊರಡಿಸುವುದೇ ಈ ಪ್ರವಾಸದ ಕಠಿಣ ಭಾಗ ಎಂದು ಸರ್ ಹೇಳಿದ್ದರು. ಸರ್ ನಿವೃತ್ತ ಇತಿಹಾಸ ಪ್ರಾಧ್ಯಾಪಕರು. ಹಿಂದೆ ನಡೆದದ್ದರ ಬಗ್ಗೆ ಅವರು ಹೇಳುವುದು ಸಾಮಾನ್ಯವಾಗಿ ಸರಿ ಇರುತ್ತದೆ. ಮುಂದೆ ನಡೆಯುವುದರ ಬಗ್ಗೆ ಅವರನ್ನು ನಂಬಬಾರದು ಎಂದು ಆ ದಿನ ಕಲಿತೆ.

ಸಪ್ತಾಪುರದಲ್ಲಿ ನಮ್ಮದೊಂದು ಓದಿನ ಬಳಗವಿದೆ. ಯುದ್ಧದಲ್ಲಿ ಮಡಿದ ಈ ಕಡೆಯ ಸೈನಿಕರ ನೆನಪಿನ ದಿನ, ಅವರ ಜೊತೆಗೆ ಇದ್ದವರು, ಕಣ್ಣಾರೆ ಕಂಡವರು ಬರೆದದ್ದನ್ನು ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತೇವೆ. ಸರ್ ಹಾಕಿದ ನಿಯಮಗಳ ಪ್ರಕಾರ ಹಾರವಿಲ್ಲ, ಶಾಲಿಲ್ಲ, ಭಾಷಣವಿಲ್ಲ, ಚಪ್ಪಾಳೆಯಿಲ್ಲ, ಓದುವಾಗ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಇಷ್ಟು ನಿಯಮಗಳಿರುವುದರಿಂದ ಇಡೀ ಬಳಗ ಒಂದೇ ಕೋಣೆಯಲ್ಲಿ ಆರಾಮಾಗಿ ಹಿಡಿಸುತ್ತದೆ.

ಹವಾಲ್ದಾರರು ಸರ್ ಒತ್ತಾಯಕ್ಕೆ ತಮ್ಮ ಗೆಳೆಯ ಬಸವರಾಜನ ಬಗ್ಗೆ ಬರೆದಿದ್ದರು. ಗಡಿಯ ಗುಡ್ಡವೊಂದರಲ್ಲಿ ಇಬ್ಬರೂ ಒಂದೇ ಬಂಡೆಯ ಮರೆಯಲ್ಲಿದ್ದರು. ಇವರು ಬದುಕಿದರು, ಬಸವರಾಜ ಬದುಕಲಿಲ್ಲ. ಆ ಬರಹವನ್ನು ಬಳಗದಲ್ಲಿ ಸರ್ ಓದುವಾಗ ಹವಾಲ್ದಾರರು ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬಸವರಾಜನಿಗೆ ಗುಂಡು ತಗಲುವ ಜಾಗ ಹತ್ತಿರ ಬಂದಾಗ ಎದ್ದು ಹೊರಗೆ ಹೋಗಿ ಎಲ್ಲರ ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

ಬಸವರಾಜನ ತಾಯಿ ಗಂಗವ್ವ ನವಲಗುಂದದ ಆಚೆಯ ಒಂದು ಹಳ್ಳಿಯಲ್ಲಿದ್ದಾರೆ. ಆ ಊರಿನ ಹುಡುಗಿಯೊಬ್ಬಳು ಪರೀಕ್ಷೆಯ ಕೋಚಿಂಗಿಗೆ ಧಾರವಾಡಕ್ಕೆ ಬಂದವಳು ನಮ್ಮ ಓದು ಕೇಳಿ, ಊರಿಗೆ ಹೋಗಿ ಹೇಳಿದಳು. ಗಂಗವ್ವ ಹೇಳಿ ಕಳಿಸಿದರು: ಬರೆದವನೇ ಬಂದು ನನ್ನ ಮುಂದೆ ಓದಲಿ, ಬೇರೆಯವರು ಬೇಡ. ಇಷ್ಟು ವರ್ಷಗಳಲ್ಲಿ ಹವಾಲ್ದಾರರು ಆ ತಾಯಿಯನ್ನು ಒಮ್ಮೆಯೂ ಕಂಡಿರಲಿಲ್ಲ.

"ಜೋಡೀಲೆ ಇದ್ದವ ಹೊಳ್ಳಿ ಬಂದೀನ್ರಿ. ಆಕಿ ಮಗಾ ಬರಲಿಲ್ಲ. ಯಾವ ಮುಖಾ ತಗೊಂಡು ಹೋಗಲಿ?" ಎಂದು ಅವರು ಸರ್‌ಗೆ ಕೇಳಿದ್ದರಂತೆ.

"ಇದ್ದ ಮುಖಾನ ತಗೊಂಡು ನಡೀರಿ," ಎಂದಿದ್ದರಂತೆ ಸರ್.

ಸತ್ತೂರಿನಲ್ಲಿ ಹವಾಲ್ದಾರರು ಲುಂಗಿಯಲ್ಲೇ ಬಾಗಿಲಿಗೆ ಬಂದರು. ಮೊಣಕಾಲು ಹಿಡಿದಿದೆ ಎಂದರು. ಸರ್ ಮುಲಾಮು ತಂದಿದ್ದರು. ಇನ್ವರ್ಟರಿನವನು ಬರುತ್ತಾನೆ ಎಂದರು. ಅವರ ಹೆಂಡತಿ ಒಳಗಿನಿಂದಲೇ, ಇನ್ವರ್ಟರಿನವನು ನಿನ್ನೆಯೇ ಬಂದು ಹೋದ ಎಂದು ಕೂಗಿ ಹೇಳಿದರು. ಆಮೇಲೆ ಕನ್ನಡಕ ಸಿಗಲಿಲ್ಲ. ಅದು ಅಂಗಿಯ ಕಿಸೆಯಲ್ಲಿತ್ತು. ಕಡೆಗೆ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನೇ ಬೆಲ್ಟು ಹಾಕಿದೆ. ಸರ್ ಹಿಂದೆ ಪೇಢೆಯ ಡಬ್ಬಿಯ ಜೊತೆ ಕೂತರು. ಬರಹದ ಹಾಳೆಗಳನ್ನು ಅವರು ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ಒಂದೊಂದಾಗಿ ಲ್ಯಾಮಿನೇಟ್ ಮಾಡಿಸಿದ್ದರು. ಮಳೆಗಾಲ, ಏನು ಹೇಳಲು ಬರುತ್ತದೆ ಎಂದು.

ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ, ಚಹಾ ಆಯಿತು. ಅಲ್ಲಿ ಹವಾಲ್ದಾರರು ಹೊಟ್ಟೆ ಸರಿಯಿಲ್ಲ ಎಂದರು. ಹಾಗೆನ್ನುವಾಗ ಎರಡನೆಯ ತಟ್ಟೆ ಗಿರ್ಮಿಟ್ ಮುಗಿಸುತ್ತಿದ್ದರು. ಹುಬ್ಬಳ್ಳಿ ದಾಟಿದ ಮೇಲೆ ಮಳೆ ನಿಂತಿತು. ಎರಡೂ ಕಡೆ ಕಪ್ಪು ಎರೆ ಹೊಲ, ಕೊಯ್ಲಿಗೆ ಬಂದ ಹೆಸರಿನ ಬೆಳೆ, ನಡುನಡುವೆ ಹತ್ತಿ. ಬಿಸಿಲು ಬಿತ್ತು. ಧಾರವಾಡದಿಂದ ಆ ಊರಿಗೆ ಎಪ್ಪತ್ತು ಕಿಲೋಮೀಟರು ಎಂದು ಫೋನು ತೋರಿಸುತ್ತಿತ್ತು. ದಾರಿಯಲ್ಲಿ ಒಂದು ಹಳ್ಳವಿದೆ ಎಂದು ತೋರಿಸಲಿಲ್ಲ.

ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಮ್ಮ ಹಳ್ಳದ ಕಥೆ ಓದಿ ಬೀಗರು ಬರುವುದನ್ನು ಬಿಟ್ಟಾರು ಎಂದು ಅಲ್ಲಿಯ ಹಿರಿಯರು ಕೇಳಿಕೊಂಡಿದ್ದಾರೆ.

ಊರಿಗೆ ಎರಡು ಕಿಲೋಮೀಟರು ಇರುವಾಗ ಕಟ್ಟೆಯಿಲ್ಲದ ತಗ್ಗು ಸೇತುವೆ ಬಂತು. ಅದರ ಮೇಲೆ ತೆಳ್ಳಗೆ ಕೆಂಪು ನೀರು ಹರಿಯುತ್ತಿತ್ತು. ಪಾದ ಮುಳುಗುವಷ್ಟು ಅಷ್ಟೇ ಎಂದು ಸರ್ ಹಿಂದಿನಿಂದ ಕತ್ತು ಚಾಚಿ ಹೇಳಿದರು. ಹವಾಲ್ದಾರರು ನೀರನ್ನು ನೋಡಿ, "ಮೇಡಂ, ಬ್ಯಾಡ್ರಿ. ನೀರು ಏರಾಕತ್ತೈತಿ. ಹೊಳ್ಸ್ರಿ ಗಾಡಿ," ಎಂದರು.

ಬೆಳಿಗ್ಗೆಯಿಂದ ಅವರು ಕೊಟ್ಟ ಕಾರಣಗಳಲ್ಲಿ ಇದೊಂದೇ ಖರೆ ಇತ್ತು. ಆದರೆ ಮೊಣಕಾಲು, ಇನ್ವರ್ಟರು, ಕನ್ನಡಕ, ಹೊಟ್ಟೆ ಎಲ್ಲ ಆದ ಮೇಲೆ ನೀರು ಎಂದರೆ ನಾನು ಹೇಗೆ ನಂಬಲಿ? ಸರ್ ನಕ್ಕರು. ನಾನು ಗೇರು ಹಾಕಿದೆ.

ಸೇತುವೆಯ ನಡುವೆ ಎಂಜಿನ್ನು ಕೆಮ್ಮಿ ನಿಂತಿತು. ಮುಂದಿನದನ್ನು ಕಂಡಷ್ಟೇ ಹೇಳುತ್ತೇನೆ. ಮೊದಲು ಕಾಲ ಕೆಳಗಿನ ರಬ್ಬರು ಚಾಪೆ ತೇಲಿತು. ಆಮೇಲೆ ನನ್ನ ಚಪ್ಪಲಿ ಒಂದು. ನೀರು ಸರಸರ ಏರಿ ಬಾಗಿಲಿಗೆ ಒತ್ತಿ ನಿಂತಿತ್ತು, ಬಾಗಿಲು ತೆರೆಯಲಿಲ್ಲ. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಆ ನೀರು ರಾತ್ರಿ ನಮ್ಮ ಕಡೆ ಸುರಿದ ಮಳೆಯದ್ದು; ನಮಗಿಂತ ಮೊದಲೇ ಹೊರಟು ಇಲ್ಲಿ ಕಾಯುತ್ತಿತ್ತು. ಆಗ ಕಾರು ಒಂದು ಗೇಣಿನಷ್ಟು ಪಕ್ಕಕ್ಕೆ ಸರಿಯಿತು. ಕರ್ರ್ ಎಂದು ಕೆಳಗೆ ಕಾಂಕ್ರೀಟು ತರಚಿದ ಸದ್ದು. ಆ ಸದ್ದು ನನಗೆ ಈಗಲೂ ಬಿಟ್ಟಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕುರ್ಚಿ ಎಳೆದರೆ ನಾನು ಮೇಜು ಹಿಡಿದುಕೊಳ್ಳುತ್ತೇನೆ. ರಸಾಯನಶಾಸ್ತ್ರ ಕಲಿಸುವವಳು, ನೀರಿನ ಬಗ್ಗೆ ಪಾಠ ಮಾಡುವಾಗ ನಡುವೆ ನಿಂತುಬಿಡುತ್ತೇನೆ.

"ಮೇಡಂ, ಹ್ಯಾಂಡ್‌ಬ್ರೇಕ್ ಹಾಕ್ರಿ," ಎಂದರು ಹವಾಲ್ದಾರರು. ಚಹಾಕ್ಕೆ ಸಕ್ಕರೆ ಕೇಳುವವರ ಹಾಗೆ. ಹಾಕಿದೆ. ಅವರು ತಮ್ಮ ಕಿಟಕಿಯ ಗಾಜು ತಿರುಗಿಸಿ ಇಳಿಸಿ, ಬೆಳಿಗ್ಗೆ ಹಿಡಿದಿದ್ದ ಆ ಮೊಣಕಾಲನ್ನು ಮೊದಲು ಹಾಕಿ ಹೊರಗೆ ಹೋದರು. ಅಷ್ಟರಲ್ಲಿ ಆಚೆ ದಂಡೆಯಿಂದ ಒಂದು ಟ್ರ್ಯಾಕ್ಟರು ನೀರಿಗಿಳಿದು ಬರುತ್ತಿತ್ತು. ನಮ್ಮನ್ನು ಎದುರುಗೊಳ್ಳಲು ಊರಿನವರು ಕಳಿಸಿದ್ದು. ಮಾಬುಸಾಬ ಎಂಬವರು ಓಡಿಸುತ್ತಿದ್ದರು. ಹವಾಲ್ದಾರರು ಸೊಂಟದ ನೀರಿನಲ್ಲಿ ನಿಂತು ಹಗ್ಗ ಬಿಗಿದರು. ನನ್ನನ್ನು ಕಿಟಕಿಯಿಂದ ಎಳೆದು ಟ್ರೇಲರಿಗೆ ಹತ್ತಿಸಿದರು. ಸರ್ ಹಿಂದಿನ ಕಿಟಕಿಯಲ್ಲಿ ಹೊಟ್ಟೆಯ ಹತ್ತಿರ ಸಿಕ್ಕಿಕೊಂಡರು. ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದರಲ್ಲಿ ಹಾಳೆಗಳ ಚೀಲ, ಎರಡನ್ನೂ ಬಿಡಲೊಲ್ಲರು.

"ಸರ್, ಉಸುರು ಬಿಡ್ರಿ," ಎಂದರು ಹವಾಲ್ದಾರರು.

"ಬಿಟ್ಟೇನಿ."

"ಪೂರಾ ಬಿಡ್ರಿ. ಆಮ್ಯಾಲೆ ಬೇಕಾದಷ್ಟು ತಗೋವಂತ್ರಿ."

ಸರ್ ಹೊರಬಂದರು. ಕಾರನ್ನೂ ಊರಿನ ಕಡೆಯ ದಂಡೆಗೆ ಎಳೆದರು. ಅದರ ಬಾಗಿಲು ತೆರೆದಾಗ ಒಂದು ಸಣ್ಣ ಮೀನು ಜಾರಿ ಬಿತ್ತು. ಹವಾಲ್ದಾರರು ನನ್ನ ಹತ್ತಿರ ಬಂದು, ಮೊದಲು ಚೀಲದ ಕಡೆ ನೋಡಿ ಹಾಳೆಗಳು ತೊಯ್ದವೇ ಎಂದು ವಿಚಾರಿಸಿದರು. ಲ್ಯಾಮಿನೇಟ್ ಆದ್ದರಿಂದ ಒಂದು ಅಕ್ಷರವೂ ಅಳಿಸಿರಲಿಲ್ಲ. ಅವರ ಮುಖ ಇಳಿಯಿತು.

ಮಾಬುಸಾಬ ಅವರನ್ನೇ ದಿಟ್ಟಿಸುತ್ತಿದ್ದರು. "ಈ ಸಾಹೇಬ್ರನ್ನ ನಾ ನೋಡೇನ್ರಿ. ಎರಡ ಸಲ ಈ ಹಳ್ಳದ ತನಕ ಬಂದು ಹೊಳ್ಳಿ ಹೋಗ್ಯಾರ. ಯಾಕ್ರಿ ಅಂತ ಕೇಳಿದ್ರ ನೀರು ಭಾಳ ಐತಿ ಅಂದಿದ್ರು."

"ಇರಬಹುದು," ಎಂದರು ಹವಾಲ್ದಾರರು.

"ಅದು ಬ್ಯಾಸಗಿ ಇತ್ರಿ. ನಾ ಹಳ್ಳದಾಗ ಎಮ್ಮಿ ಮೇಸಾಕತ್ತಿದ್ದೆ."

ಸರ್ ಈ ಸಲ ನಗಲಿಲ್ಲ. ಹವಾಲ್ದಾರರು ಅಂಗಿ ಹಿಂಡಿಕೊಳ್ಳುತ್ತ ಹಳ್ಳಕ್ಕೆ ಬೆನ್ನು ಮಾಡಿ ನಿಂತರು. ಈಗ ನೀರು ನಿಜವಾಗಿ ಇತ್ತು, ಅದು ಅವರ ಹಿಂದೆ ಇತ್ತು. ಹೊಳ್ಳಿ ಹೋಗುವ ಹಾಗಿರಲಿಲ್ಲ.

ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಠದ ಕಟ್ಟೆಯ ಮೇಲೆ ನಮಗೆ ಒಣ ಬಟ್ಟೆ, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಸಿಕ್ಕಿತು. ಹವಾಲ್ದಾರರು ಮಾತ್ರ ಹಿಂಡಿದ ಅಂಗಿಯಲ್ಲೇ ಉಳಿದರು. ಪ್ರತಿಯೊಂದು ರೊಟ್ಟಿಗೂ ಹಳ್ಳದ ಕಥೆ ಒಮ್ಮೆ ಹೇಳಬೇಕಿತ್ತು. ಸರ್ ಹೇಳುವಾಗ ನೀರು ಎದೆಯವರೆಗೆ ಬಂದಿತ್ತು. ಮಾಬುಸಾಬರ ಕಥೆಯಲ್ಲಿ ಅವರು ಟ್ರ್ಯಾಕ್ಟರಿನಿಂದ ಹಾರಿದ್ದರು. ನಾನು ಹೇಳಿದಾಗ ಕಾರು ಸರಿದದ್ದು ಮೊದಲು ಗೇಣಿತ್ತು, ಪಲ್ಯ ಎರಡನೆಯ ಸಲ ಬಡಿಸುವ ಹೊತ್ತಿಗೆ ಮೊಳ ಆಗಿತ್ತು. ಸುಳ್ಳು ಹೇಳಬೇಕೆಂದು ಅಲ್ಲ, ನನ್ನ ಒಳಗೆ ಅದು ಅಷ್ಟು ಸರಿಯುತ್ತಲೇ ಇತ್ತು. ಹವಾಲ್ದಾರರನ್ನು ಕೇಳಿದಾಗ, "ಹಗ್ಗ ಕಟ್ಟಿದ್ವಿ, ಬಂದ್ವಿ," ಎಂದರು. ಕೇಳಿದವರಿಗೆ ನಿರಾಸೆಯಾಯಿತು.

ಅವರ ಬರಹವೂ ಹಾಗೆಯೇ ಇದೆ. ಗುಂಡು ಯಾವ ಕಡೆಯಿಂದ ಬಂತೆಂದು ತನಗೆ ಕಾಣಲಿಲ್ಲ, ಆದ್ದರಿಂದ ಬರೆಯುವುದಿಲ್ಲ ಎಂದು ಒಂದು ಕಡೆ ಬರೆದಿದ್ದಾರೆ. ಬಳಗದಲ್ಲಿ ಕೇಳಿದಾಗ ಇಷ್ಟು ಸಪ್ಪೆ ಯಾಕೆ ಎಂದುಕೊಂಡಿದ್ದೆ. ಆ ಮಧ್ಯಾಹ್ನ ನನ್ನ ಮೊಳದ ಕಥೆ ನನಗೇ ಕೇಳಿಸಿದ ಮೇಲೆ, ಅವರು ಎಷ್ಟು ಕಷ್ಟಪಟ್ಟು ಗೇಣನ್ನು ಗೇಣಾಗಿಯೇ ಇಟ್ಟಿದ್ದಾರೆ ಎಂದು ತಿಳಿಯಿತು.

ಊಟದ ನಂತರ ಪುರಾಣದ ಶಿವಪ್ಪ ಬಂದರು. ಆ ಮಠದಲ್ಲಿ ಶ್ರಾವಣದ ತಿಂಗಳಿಡೀ ಪುರಾಣ ಓದಿಸುತ್ತಾರೆ. ಅದರ ಉಸ್ತುವಾರಿ ಅವರದು. ಹವಾಲ್ದಾರರ ಬರಹದ ಫೋಟೋಗಳನ್ನು ಅವರು ಮೊದಲೇ ನನ್ನಿಂದ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದರು. ಯಾಕೆಂದು ಆಗ ಗೊತ್ತಾಯಿತು. ಈ ಊರಿಗೆ ಓದುವುದು ಎಂದರೆ ಪುರಾಣದ ಪದ್ಧತಿಯೊಂದೇ ಗೊತ್ತು. ಶರಣರ ಜನನದ ಭಾಗ ಬಂದರೆ ತೊಟ್ಟಿಲು ಕಟ್ಟಿ ತೂಗುತ್ತಾರೆ, ಊಟದ ಪ್ರಸಂಗ ಬಂದರೆ ಕೇಳುವವರಿಗೂ ಉಣಿಸುತ್ತಾರೆ, ನಡುನಡುವೆ ಹಾರ್ಮೋನಿಯಂ ತಬಲಾ. ಶಿವಪ್ಪ ಹವಾಲ್ದಾರರ ಬರಹಕ್ಕೂ ಅದೇ ರೀತಿ ಗುರುತು ಹಾಕಿಕೊಂಡಿದ್ದರು.

"ಭೋಜನ ಒಂದು ಸಿಕ್ಕೇತ್ರಿ," ಎಂದರು ಸರ್‌ಗೆ. "ಜನನ ಎಲ್ಲೂ ಇಲ್ಲ. ಇನ್ನ ಮುಂದಿನ ಹಾಳಿ ಅದಾವೇನ್ರಿ?"

ಇಷ್ಟೇ ಇರುವುದು ಎಂದರು ಸರ್. ಶಿವಪ್ಪನವರಿಗೆ ಚಿಂತೆಯಾಯಿತು. ಅವರ ಪದ್ಧತಿಯಲ್ಲಿ ದುಃಖದ ಜಾಗದಲ್ಲಿ ಓದು ನಿಲ್ಲಿಸುವುದಿಲ್ಲ. ಒಂದು ಒಳ್ಳೆಯ ಸುದ್ದಿ ಬರುವ ತನಕ ಓದಿ, ಆಮೇಲೆಯೇ ಮಂಗಲದ ಆರತಿ. ಸರ್ ತಮ್ಮ ನಿಯಮಗಳನ್ನು ಒಂದೊಂದಾಗಿ ವಿವರಿಸಿದರು. ಶಿವಪ್ಪ ಬಹಳ ಗೌರವದಿಂದ ಕೇಳಿ, ಹೋಗಿ ತಬಲಾದವನಿಗೆ ತಯಾರಿರಲು ಹೇಳಿ ಬಂದರು.

ನಾಲ್ಕು ಗಂಟೆಗೆ ಮಠದ ಪಡಸಾಲೆ ತುಂಬಿತ್ತು. ಲ್ಯಾಮಿನೇಟ್ ಹಾಳೆಗಳನ್ನು ಪುರಾಣದ ಪೀಠದ ಮೇಲೆ ಇಟ್ಟು ವಿಭೂತಿ ಹಚ್ಚಲು ನೋಡಿದ್ದರು, ಅದು ನಿಲ್ಲದೆ ಉದುರಿತ್ತು. ಗಂಗವ್ವ ಕಂಬಕ್ಕೆ ಒರಗಿ ಮುಂದೆಯೇ ಕೂತಿದ್ದರು. ತೆಳ್ಳನೆಯ ಮೈ, ದಪ್ಪ ಕನ್ನಡಕ. ಹವಾಲ್ದಾರರು ಬಂದು ಕಾಲಿಗೆ ಬಿದ್ದರು. ಎದ್ದ ಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಸೆಲ್ಯೂಟ್ ಹೊಡೆದರು. ಗಂಗವ್ವ ಅವರ ಅಂಗಿ ಮುಟ್ಟಿ, "ಇನ್ನೂ ಹಸಿ ಐತಿ. ಇದನ್ನ ಬಿಚ್ಚಿ ಬ್ಯಾರೇದು ಹಾಕ್ಕೊ," ಎಂದರು. ಹೀಗೆ ಹವಾಲ್ದಾರರು ಮಠದ ಪೂಜಾರಿಯ ಬನಿಯನ್ನಿನಲ್ಲಿ, ಮಾಬುಸಾಬರ ಟವೆಲಿನಲ್ಲಿ ಓದಲು ಕೂತರು.

ಅವರ ದನಿ ಮೊದಲು ಕೇಳಿಸಲೇ ಇಲ್ಲ. ಪ್ರತಿ ಪ್ಯಾರಾ ಮುಗಿದಾಗ ತಬಲಾ ಬಿದ್ದು ಅವರು ಬೆಚ್ಚುತ್ತಿದ್ದರು. ಅವರ ಜೊತೆ ನಾನೂ ಬೆಚ್ಚುತ್ತಿದ್ದೆ. ಸರ್ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದರು. ಗುಡ್ಡದ ಚಳಿ ಬಂತು, ಹೊತ್ತಿಕೊಳ್ಳದ ಸ್ಟೌ ಬಂತು. ಆಮೇಲೆ ಬಸವರಾಜ ತನ್ನ ಚೀಲದಿಂದ ಅವ್ವ ಕಳಿಸಿದ ಅಗಸಿ ಚಟ್ನಿಯ ಪುಡಿ ತೆಗೆದದ್ದು, ಪಂಜಾಬಿನವನೊಬ್ಬ ಅದನ್ನು ಚಮಚೆಯಿಂದ ತಿಂದು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದ್ದು, ಬಸವರಾಜ ಅವನ ಬೆನ್ನು ತಟ್ಟುತ್ತ ನಕ್ಕದ್ದು. ಶಿವಪ್ಪ ಕೈ ಎತ್ತಿದರು. ಓದು ನಿಂತಿತು. ಹೆಂಗಸರು ಬುಟ್ಟಿ ತಂದು ಎಲ್ಲರಿಗೂ ರೊಟ್ಟಿ ಹಂಚಿದರು. ಗಂಗವ್ವ ತಾವೇ ಎದ್ದು ಪ್ರತಿಯೊಂದು ರೊಟ್ಟಿಯ ಮೇಲೆ ಅಗಸಿ ಚಟ್ನಿ ಹಾಕುತ್ತ ಬಂದರು. ಆ ಬೆಳಿಗ್ಗೆ ಕುಟ್ಟಿದ್ದಂತೆ. ಸರ್ ನಿಯಮ ಹೇಳಲು ಬಾಯಿ ತೆರೆದರು, ಚಟ್ನಿಯ ಖಾರ ಗಂಟಲಿಗೆ ಹೋಗಿ ಕೆಮ್ಮಿದರು. ಪಡಸಾಲೆಯೆಲ್ಲ ನಕ್ಕಿತು. ಗಂಗವ್ವ ಅವರ ಬೆನ್ನು ತಟ್ಟಿದರು.

ಆಮೇಲೆ ಯಾರೂ ನಗಲಿಲ್ಲ. ಹವಾಲ್ದಾರರು ಕಡೆಯ ಹಾಳೆಗೆ ಬಂದರು. ಈ ಸಲ ಹೊರಗೆ ನಿಲ್ಲಿಸಲು ಸ್ಕೂಟರುಗಳಿರಲಿಲ್ಲ. ಒಂದು ಸಾಲು ಓದಿ ನಿಲ್ಲುವುದು, ಮತ್ತೊಂದು ಓದುವುದು. ತಬಲಾದವನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಕೊನೆಯ ಸಾಲುಗಳು ಹೀಗಿವೆ: "ಅವನ ಕೈ ನನ್ನ ಕೈಯಲ್ಲಿತ್ತು. ಬೆಳಕು ಹರಿದ ಮೇಲೆ ನೋಡಿದೆ. ಅವನಿರಲಿಲ್ಲ."

ಹವಾಲ್ದಾರರು ಹಾಳೆ ಕೆಳಗಿಟ್ಟರು. ಆರತಿಯ ತಟ್ಟೆ ಹಿಡಿದ ಶಿವಪ್ಪ ಗಂಗವ್ವನ ಕಡೆ ನೋಡಿದರು.

"ಮುಂದ ಓದಪಾ," ಎಂದರು ಗಂಗವ್ವ.

"ಮುಂದ ಇಲ್ಲಬೇ."

"ಯಾಕಿಲ್ಲ? ನೀ ಇಲ್ಲಿ ಕುಂತೀಯಲ್ಲ."

ಹವಾಲ್ದಾರರು ಹಾಳೆಯನ್ನು ತಿರುವಿ ನೋಡಿದರು. ಹಿಂದೆ ಖಾಲಿ ಪ್ಲಾಸ್ಟಿಕ್ಕು. "ಅದನ್ನ ಬರದಿಲ್ಲಬೇ. ಅದೇನು ಬರಿಯೂದು?"

"ಬರೀದಿದ್ರ ಬಾಯಿಲೆ ಹೇಳು. ನನ್ನ ಮಗನ್ನ ಇಲ್ಲೇ ಬಿಟ್ಟು ಆರತಿ ಮಾಡೂಹಂಗಿಲ್ಲ."

ಅವರು ಹೇಳಲು ಶುರು ಮಾಡಿದರು, ವರದಿ ಒಪ್ಪಿಸುವವರ ಹಾಗೆ. ಜೊತೆಯವರು ಅವರನ್ನು ಗುಡ್ಡದಿಂದ ಕೆಳಗೆ ಕರೆತಂದರು. ಕ್ಯಾಂಪಿನಲ್ಲಿ ಬಿಸಿ ಚಹಾ ಕೊಟ್ಟರು. ಹವಾಲ್ದಾರರು ಕುಡಿಯಬಾರದೆಂದುಕೊಂಡಿದ್ದರು, ಕುಡಿದರು, ಇನ್ನೊಂದು ಲೋಟ ಕೇಳಿದರು. ಇಷ್ಟು ಹೇಳಿ ಅವರು ತಲೆ ತಗ್ಗಿಸಿದರು. ಛಲೋ ಆತು, ಚಳಿ ಇತ್ತಲ್ಲ ಎಂದರು ಗಂಗವ್ವ. ಆಮೇಲೆ ರೈಲು, ಹುಬ್ಬಳ್ಳಿ ಸ್ಟೇಷನ್ನು. ಮದುವೆ. ಒಂದು ವರ್ಷಕ್ಕೆ ಮಗಳು.

"ಬಸಮ್ಮ ಅಂತ ಹೆಸರಿಟ್ಟೆ. ಬಸ್ಯಾನ ಹೆಸರು," ಎಂದರು ಹವಾಲ್ದಾರರು. "ಆಕಿ ಕಾಲೇಜಿಗೆ ಹೋದ ಮ್ಯಾಲೆ ಇದೇನು ಅಜ್ಜೀ ಹೆಸರು ಅಂತ ನನ್ನ ಕೂಡ ಮಾತು ಬಿಟ್ಟಿದ್ಳು. ಫೋನಿನ್ಯಾಗ ಬ್ಯಾರೇ ಹೆಸರು ಇಟ್ಕೊಂಡಾಳ. ಯಾಕಿಟ್ಟೆ ಅಂತ ಆಕಿಗೂ ಹೇಳಿಲ್ಲಬೇ."

ಆಗ ಶಿವಪ್ಪ ತಟ್ಟೆ ಕೆಳಗಿಟ್ಟು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಜನನ ಬಂತು," ಎಂದರು.

ಮುಂದೆ ನಡೆದದ್ದಕ್ಕೆ ಸರ್ ನಿಯಮಗಳಲ್ಲಿ ಜಾಗವಿಲ್ಲ. ಒಳಗಿನಿಂದ ಪುರಾಣದ ಮರದ ತೊಟ್ಟಿಲು ಬಂತು. ಸೀರೆ ಸುತ್ತಿದ ತೆಂಗಿನಕಾಯಿಯನ್ನು ಅದರಲ್ಲಿ ಮಲಗಿಸಿದರು. ಹುಬ್ಬಳ್ಳಿಯ ಯಾವುದೋ ಆಫೀಸಿನಲ್ಲಿ ಆ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಗೆ ಈ ಊರಿನ ಹೆಂಗಸರು ಜೋಗುಳ ಹಾಡಿದರು. ಗಂಗವ್ವ ಬಗ್ಗಿ ತೆಂಗಿನಕಾಯಿಯ ಕಿವಿಯಲ್ಲಿ ಬಸಮ್ಮ ಎಂದು ಹೆಸರು ಹೇಳಿ, ತೊಟ್ಟಿಲ ಹಗ್ಗವನ್ನು ಹವಾಲ್ದಾರರ ಕೈಗೆ ಕೊಟ್ಟರು. ಟವೆಲು ಸುತ್ತಿಕೊಂಡ ಹವಾಲ್ದಾರರು ತೂಗುತ್ತ ತೂಗುತ್ತ ಬಿಕ್ಕಿ ಅತ್ತರು. ತಬಲಾದವನು ಆವರೆಗೆ ತಡೆದಿಟ್ಟಿದ್ದನ್ನೆಲ್ಲ ಬಾರಿಸಿದ. ನಾನು ತಿರುಗಿ ನೋಡಿದರೆ ಸರ್ ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ಕೇಳಿದಾಗ, ತಾಳ ಹಾಕುತ್ತಿದ್ದೆ ಎಂದರು.

ಆರತಿಯಾಯಿತು. ಗಂಗವ್ವ ಹವಾಲ್ದಾರರಿಗೆ, "ಆಕೀನ ಕರ್ಕೊಂಡು ಬಾ," ಎಂದರು.

"ಆಕಿ ಬರ್ತಾಳೋ ಇಲ್ಲೋ."

"ಹೆಸರು ನಮ್ಮ ಮನೀದು. ಬರಾಕ ಬೇಕು. ಫೋನ್ ಹಚ್ಚಿ ಕೊಡು, ನಾ ಮಾತಾಡ್ತೇನಿ."

ಮಾತಾಡಿದರು. ಮಠದ ಹಿಂದೆ ಹೋಗಿ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ ನಮಗೆ ಗೊತ್ತಿಲ್ಲ. ಫೋನು ಹಿಂದೆ ಬಂದಾಗ ಬ್ಯಾಟರಿ ಮುಗಿದಿತ್ತು, ಹವಾಲ್ದಾರರು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

ಆ ರಾತ್ರಿ ಅಲ್ಲೇ ಉಳಿದು, ಮರುದಿನ ನೀರು ಇಳಿದ ಮೇಲೆ ಹೊರಟೆವು. ಕಾರನ್ನು ಮೆಕ್ಯಾನಿಕನಿಗೆ ಬಿಟ್ಟು ಎಲ್ಲರೂ ಬಸ್ಸು ಹತ್ತಿದೆವು. ಹಳ್ಳದ ಸೇತುವೆಯ ಮೇಲೆ ಬಸ್ಸು ಬಂದಾಗ ನಾನು ಮುಂದಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಅಂಥ ಪ್ರಯಾಣಕ್ಕೆ ನನಗೇ ಏನಾದರೂ ಕೊಡಬೇಕಿತ್ತು.

ಹುಬ್ಬಳ್ಳಿಯಲ್ಲಿ ಇಳಿದು ಎರಡೂ ಊರುಗಳ ನಡುವೆ ಓಡುವ ಧಾರವಾಡದ ಚಿಗರಿ ಬಸ್ಸು ಹಿಡಿದೆವು. ಹವಾಲ್ದಾರರು ಸರ್ ಪಕ್ಕ ಕೂತು, ಬಸ್ಸು ಉಣಕಲ್ಲು ಮುಟ್ಟುವ ಮೊದಲೇ ನಿದ್ದೆ ಹೋದರು. ತಲೆ ಮೆಲ್ಲಗೆ ವಾಲಿ ಸರ್ ಭುಜದ ಮೇಲೆ ನಿಂತಿತು. ಬಾಯಿ ತೆರೆದಿತ್ತು, ಗೊರಕೆ ಜೋರಿತ್ತು. ಸರ್ ಅಲ್ಲಾಡಲಿಲ್ಲ. ಹವಾಲ್ದಾರರು ಇಳಿಯಬೇಕಾದ ಸತ್ತೂರು ಬಂತು. ಬಾಗಿಲು ತೆರೆಯಿತು. ಎಬ್ಬಿಸಲೇ ಎಂದು ನಾನು ಕೈ ಸನ್ನೆ ಮಾಡಿದೆ.

"ಬ್ಯಾಡ," ಎಂದರು ಸರ್, ಬರೀ ತುಟಿಯಲ್ಲಿ. "ಧಾರವಾಡ ತನಕ ಬರ್ಲಿ. ಆಮ್ಯಾಲೆ ಹೊಳ್ಳಿ ಬಿಟ್ಟು ಬರ್ತೇನಿ."

ಬಾಗಿಲು ಮುಚ್ಚಿತು.